ಹೊಳೆಯ ಪಾತ್ರದಲ್ಲಿ ವಿಹಾರವೇ?

ವಿಹಾರ ಎಂಬ ಶಬ್ದಕ್ಕೆ ಜೈನ ಮನೆಗಳಲ್ಲಿ ಒಂದು ಅರ್ಥ; ಪ್ರವಾಸೋದ್ಯಮದ ಕಡತಗಳಲ್ಲಿ ಬೇರೊಂದು ಅರ್ಥ. ಮೊದಲನೆಯದು ಮುನಿಸಂಘದ ಕಾಲ್ನಡಿಗೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಕೊಂಡು, ಹಗಲಿನಲ್ಲಿ ಮಾತ್ರ, ಬರಿಗಾಲಿನಲ್ಲಿ ಸಾಗುವ ಆ ವಿಹಾರವು ಆಷಾಢ ಶುಕ್ಲ ಚತುರ್ದಶಿಯಂದು ನಿಲ್ಲುತ್ತದೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗಿರುವುದರಿಂದ ದೀಪಾವಳಿಯ ಅಮಾವಾಸ್ಯೆಯವರೆಗೆ ಮುನಿಗಳು ಒಂದೆಡೆ ನೆಲೆಸುತ್ತಾರೆ. ಎರಡನೆಯದು ನದಿಯ ದಂಡೆಗೆ ಕಾಂಕ್ರೀಟು ಹಾಸಿ, ಉಕ್ಕಿನ ಕಟಕಟೆ ಹಾಕಿ, ದೀಪದ ಕಂಬಗಳನ್ನು ನೆಟ್ಟು, ಮಳೆಗಾಲ ಬೇಸಿಗೆಯೆನ್ನದೆ, ಹಗಲು ರಾತ್ರಿಯೆನ್ನದೆ ಜನರನ್ನು ಕರೆತರುವ ‘ವಿಹಾರಪಥ’. ಮೊದಲನೆಯ ವಿಹಾರ ಋತುವನ್ನು ನೋಡಿ ತಾನೇ ನಿಲ್ಲುತ್ತದೆ. ಎರಡನೆಯದನ್ನು ಪ್ರವಾಹವೇ ಬಂದು ನಿಲ್ಲಿಸಬೇಕು.

ಇಂಥ ಪಥಗಳ ಕಾಲ ಕರ್ನಾಟಕಕ್ಕೆ ಬಂದಾಗಿದೆ. ಶಿವಮೊಗ್ಗದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ತುಂಗಾ ನದಿಯ ದಂಡೆಯಲ್ಲಿ ನಡಿಗೆಯ ಹಾದಿ, ಸೈಕಲ್ ಹಾದಿ, ಉದ್ಯಾನಗಳು ನಿರ್ಮಾಣವಾಗಿವೆ. ಅದೇ ಊರಿನ ಹೊಳೆಯ ನಡುವೆ ಕೋರ್ಪಲಯ್ಯನ ಮಂಟಪವೆಂಬ ಹಳೆಯ ಕಲ್ಲು ಮಂಟಪವಿದೆ. ಅದು ಮುಳುಗಿತೆಂದರೆ ಹೊಳೆ ತುಂಬಿತೆಂದು ಊರವರ ಲೆಕ್ಕ. 2019ರ ಆಗಸ್ಟ್‌ನಲ್ಲಿ ಮಂಟಪದ ಜೊತೆಗೆ ತಗ್ಗಿನ ಬಡಾವಣೆಗಳಿಗೂ ನೀರು ನುಗ್ಗಿತು. ಇತ್ತ ಮಂಡ್ಯ ಜಿಲ್ಲೆಯಲ್ಲಿ, ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವನ್ನು 2,600 ಕೋಟಿ ರೂಪಾಯಿಗಳಿಗೂ ಮೀರಿದ ವೆಚ್ಚದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆಗೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿತು. ಅಣೆಕಟ್ಟೆಯ ಬುಡದಲ್ಲಿ ಮನೋರಂಜನೆಯ ಪಾರ್ಕು ಬೇಡವೆಂದು ಜಿಲ್ಲೆಯ ರೈತರು 2025ರಲ್ಲಿ ಪ್ರತಿಭಟಿಸಿದರು. ಹೀಗಿರುವಾಗ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಗೂ ನಾಳೆ ಇಂಥದೊಂದು ನಕ್ಷೆ ಬಂದರೆ ಅಚ್ಚರಿಪಡಬೇಕಾದ್ದಿಲ್ಲ. ಗುಡ್ಡದ ಆಸರೆಯಲ್ಲಿ ಕಲ್ಯಾಣ ವೆಂಕಟರಮಣಸ್ವಾಮಿಯ ದೇವಾಲಯ, ಪಕ್ಕದಲ್ಲಿ ಹೇಮಾವತಿ, ಹಳೆಯ ಅಣೆಕಟ್ಟು, ಅದರ ಮೇಲಿಂದ ಹಾಲಿನಂತೆ ಜಾರುವ ನೀರು: ನಕ್ಷೆ ಬರೆಯುವವರಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ನಕ್ಷೆ ಬಂದ ಮೇಲೆ ವಿಚಾರ ಮಾಡುವುದಕ್ಕಿಂತ ಬರುವ ಮೊದಲೇ ಮಾಡುವುದು ವಿಹಿತ. ಈ ವಿಷಯ ಬಸದಿಯ ಟ್ರಸ್ಟುಗಳಿಗೂ ಶ್ರಾವಕ ಕುಟುಂಬಗಳಿಗೂ ಸಂಬಂಧಿಸಿದ್ದೇ ಆಗಿದೆ. ಸಾರ್ವಜನಿಕ ಕಾಮಗಾರಿಗಳಿಗೆ ಸರ್ಕಾರದ ಹಣ ಸಾಲದೆ ಬಂದಾಗ ಕಲ್ಲುಬೆಂಚು, ದೀಪದ ಕಂಬ, ಕುಡಿಯುವ ನೀರಿನ ತೊಟ್ಟಿಗಳಿಗೆಂದು ರಸೀದಿ ಪುಸ್ತಕ ಹಿಡಿದು ಬರುವವರು ಮೊದಲು ಹತ್ತುವುದು ವರ್ತಕರ ಅಂಗಡಿಯ ಮೆಟ್ಟಿಲು, ಆಮೇಲೆ ಟ್ರಸ್ಟಿನ ಕಚೇರಿ. ಕೊಡುವ ಕೈಗೆ ಕೇಳುವ ಅಧಿಕಾರವೂ ಇರುತ್ತದೆ.

ಮೊದಲು ಹೊಳೆಯ ಸ್ವಭಾವವನ್ನು ಅರಿಯಬೇಕು. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಹೊಳೆನರಸೀಪುರದ ಮೇಲೆ ಹಾಯ್ದು ಕೃಷ್ಣರಾಜಪೇಟೆಯ ಬಯಲಿಗೆ ಬರುತ್ತದೆ. ಸುಮಾರು 245 ಕಿಲೋಮೀಟರು ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಇದರ ನೀರು ಮಲೆನಾಡಿನದು, ಇದರ ದಂಡೆ ಬಯಲುಸೀಮೆಯದು. ಸಕಲೇಶಪುರದಲ್ಲಿ ವಾರಗಟ್ಟಲೆ ಜಡಿಮಳೆ ಹಿಡಿದಿರುವಾಗ ಹೇಮಗಿರಿಯಲ್ಲಿ ಬಿಸಿಲು ಕಾಯುತ್ತಿರಬಹುದು. ಆದ್ದರಿಂದ ಇಲ್ಲಿ ಮಳೆಯಿಲ್ಲದೆಯೇ ಹೊಳೆ ಬರುತ್ತದೆ. 1979ರಲ್ಲಿ ಪೂರ್ಣಗೊಂಡ ಗೊರೂರಿನ ಅಣೆಕಟ್ಟೆ 37.10 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ, 2922 ಅಡಿ ತುಂಬಿದ ಮೇಲೆ ಬರುವ ನೀರನ್ನು ಹಿಡಿದಿಡಲು ಅದಕ್ಕೆ ಸ್ಥಳವಿಲ್ಲ. ಆಗ ಆರು ತೂಬುಬಾಗಿಲುಗಳು ಏಳುತ್ತವೆ. ಕೆಳಗಿನ ದಂಡೆಯವರು ಎಚ್ಚರವಾಗಿರಬೇಕೆಂದು ಸಾರುತ್ತಾರೆ. ದಂಡೆಯ ಊರಿನ ರೈತ ಆ ಸಾರುವಿಕೆಯನ್ನು ಕೇಳಿದೊಡನೆ ಪಂಪುಸೆಟ್ಟನ್ನು ಮೇಲಕ್ಕೆ ಎಳೆಯುತ್ತಾನೆ, ದನಗಳನ್ನು ಬಿಚ್ಚುತ್ತಾನೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕಾರಿನಲ್ಲಿ ಬಂದು, ನೆತ್ತಿಯ ಮೇಲಿನ ನೀಲಿ ಆಕಾಶವನ್ನು ನೋಡಿ, ಮಕ್ಕಳನ್ನು ಬಂಡೆಯ ಮೇಲೆ ನಿಲ್ಲಿಸಿ ಚಿತ್ರ ತೆಗೆಯುವವನಿಗೆ ಅದು ಎಲ್ಲಿಂದ ಕೇಳಬೇಕು? ಅಣೆಕಟ್ಟಿನ ಕೆಳಗಿನ ಬಂಡೆಗಳು ಪಾಚಿ ಹಿಡಿದವು. ಅಲ್ಲಿ ಮೊಣಕಾಲು ನೀರು ಸೊಂಟದ ನೀರಾಗಲು ಬಹಳ ಹೊತ್ತು ಬೇಕಾಗುವುದಿಲ್ಲ.

ಕೃಷ್ಣರಾಜಸಾಗರದ ಕೆಳಗಿನ ಕಥೆಯೂ ಇದೇ. ಅಲ್ಲಿ ಪೂರ್ಣಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿ.ಎಂ.ಸಿ. 2019ರ ಆಗಸ್ಟ್‌ನಲ್ಲಿಯೂ 2024ರ ಜುಲೈ–ಆಗಸ್ಟ್‌ನಲ್ಲಿಯೂ ಒಂದು ಲಕ್ಷ ಕ್ಯೂಸೆಕ್‌ಗೂ ಮೀರಿದ ನೀರನ್ನು ಹೊಳೆಗೆ ಬಿಡಬೇಕಾಯಿತು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಮೇಲೆ ನೀರೇರಿತು. ರಂಗನತಿಟ್ಟಿನ ದೋಣಿವಿಹಾರ ನಿಂತಿತು. ದೋಣಿ ನಿಂತದ್ದು ದೊಡ್ಡ ವಿಷಯವಲ್ಲ. ಆ ತಿಟ್ಟುಗಳ ತಗ್ಗುಕೊಂಬೆಗಳಲ್ಲಿಯೂ ಬಂಡೆಗಳ ಮೇಲೆಯೂ ಇದ್ದ ಗೂಡು, ಮೊಟ್ಟೆ, ಮರಿಗಳು ನೀರಿನ ಪಾಲಾದದ್ದು ದೊಡ್ಡ ವಿಷಯ. ಪ್ರವಾಹದಿಂದ ಕೊರೆದುಹೋದ ತಿಟ್ಟುಗಳಿಗೆ ಅರಣ್ಯ ಇಲಾಖೆ ಮರಳಿನ ಮೂಟೆ ಪೇರಿಸಿ ಆಧಾರ ಕೊಡಬೇಕಾಯಿತು. 1940ರಿಂದ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ತಾಣದ ಪಾಡೇ ಹೀಗಿರುವಾಗ, ಹೆಸರಿಲ್ಲದ ದಂಡೆಯ ಜೀವಿಗಳನ್ನು ಎಣಿಸುವವರು ಯಾರು?

ಯೋಜನೆ ಹಾಕುವವರ ಮೊದಲ ತಪ್ಪು ನಕ್ಷೆಯ ಬಣ್ಣದಲ್ಲಿದೆ. ಬೇಸಿಗೆಯಲ್ಲಿ ಅಳತೆಗೆ ಬಂದವರಿಗೆ ನೀರಿರುವುದಷ್ಟೇ ನದಿಯಾಗಿ ಕಾಣುತ್ತದೆ. ಉಳಿದದ್ದು ಖಾಲಿ ಜಾಗ. ವಾಸ್ತವವಾಗಿ ಆ ಖಾಲಿ ಜಾಗ ನದಿಯ ಉಗ್ರಾಣ. ಹೆಚ್ಚಿದ ನೀರು ಅಲ್ಲಿ ಹರಡಿ, ವೇಗ ಕಳೆದುಕೊಂಡು, ಮೆಕ್ಕಲನ್ನು ಇಳಿಸಿ, ಒಂದಿಷ್ಟು ಇಂಗಿ, ಮತ್ತೆ ಪಾತ್ರಕ್ಕೆ ಮರಳುತ್ತದೆ. ಆ ಉಗ್ರಾಣಕ್ಕೆ ಗೋಡೆ ಹಾಕಿದರೆ ಸರಕು ಬೀದಿಗೆ ಬರುತ್ತದೆ. ಒಂದು ದಂಡೆಯನ್ನು ಎತ್ತರಿಸಿ ಕಲ್ಲು ಕಟ್ಟಿದರೆ ನೀರು ಎದುರು ದಂಡೆಯ ಗದ್ದೆಗೆ, ತೆಂಗಿನ ತೋಟಕ್ಕೆ ಏರುತ್ತದೆ. ಕಟಕಟೆಯ ಸರಳುಗಳಿಗೆ ಪ್ರವಾಹದಲ್ಲಿ ತೇಲಿಬಂದ ಬಿದಿರು, ಬೇರು, ಪ್ಲಾಸ್ಟಿಕ್ಕು ಸಿಕ್ಕಿಕೊಂಡು ಅದೇ ಒಂದು ಒಡ್ಡಾಗುತ್ತದೆ. ಹಿಂದಿನ ನೀರಿನ ಮಟ್ಟ ಏರಿ, ಕೊನೆಗೆ ಕಟಕಟೆ ಬುಡಸಹಿತ ಕಿತ್ತುಹೋಗುತ್ತದೆ. ವಿಹಾರಕ್ಕೆ ಬಂದವನು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾನೆ. ಎದುರು ದಂಡೆಯ ರೈತ ಎಲ್ಲಿಗೆ ಹೋಗಬೇಕು?

ದೂರದ ನಿದರ್ಶನ ಬೇಕಾದರೆ ದೆಹಲಿಯನ್ನು ನೋಡಬಹುದು. ಯಮುನೆಯ ಬಯಲಿನಲ್ಲಿ ಅಲ್ಲಿಯ ಅಭಿವೃದ್ಧಿ ಪ್ರಾಧಿಕಾರ ಅಸಿತಾ, ಬಾನ್ಸೇರಾ ಎಂಬ ಉದ್ಯಾನಗಳನ್ನು ಬೆಳೆಸಿತು. ಅಸಿತಾ ಉದ್ಯಾನ ತೆರೆದದ್ದು 2022ರ ಸೆಪ್ಟೆಂಬರಿನಲ್ಲಿ. ವರ್ಷ ತುಂಬುವ ಮೊದಲೇ, 2023ರ ಜುಲೈ 13ರಂದು ಯಮುನೆ 208.66 ಮೀಟರಿಗೆ ಏರಿ 1978ರ 207.49 ಮೀಟರಿನ ದಾಖಲೆಯನ್ನು ಮುರಿಯಿತು. ಉದ್ಯಾನಗಳು ನೀರಿನೊಳಗಾದವು, ನೀರಿಳಿದ ಮೇಲೆ ಕೆಸರಿನೊಳಗಾದವು. ನಾಲ್ಕೂವರೆ ದಶಕ ಆ ಮಟ್ಟ ಬಂದಿರಲಿಲ್ಲವೆಂಬುದು ನದಿ ಅದನ್ನು ಮರೆತಿದೆ ಎಂಬುದಕ್ಕೆ ಪ್ರಮಾಣವಾಗಲಿಲ್ಲ.

ಮರೆಯುವವರು ಮನುಷ್ಯರು. 2023ರಲ್ಲಿ ಮಳೆ ಕೈಕೊಟ್ಟು ಕೃಷ್ಣರಾಜಸಾಗರ ತುಂಬಲೇ ಇಲ್ಲ. ಅಂಥ ವರ್ಷಗಳಲ್ಲಿ ಹೊಳೆಯ ಬಂಡೆಗಳ ಮೇಲೆ ಮಕ್ಕಳು ಚೆಂಡಾಡುತ್ತಾರೆ, ಅಧಿಕಾರಿಗಳು ನಕ್ಷೆ ಬರೆಯುತ್ತಾರೆ. ಮರುವರ್ಷವೇ ಒಂದು ಲಕ್ಷ ಕ್ಯೂಸೆಕ್ ಬಂತು.

ವರ್ತಕನ ಕಣ್ಣಿನಿಂದ ನೋಡಿದರೂ ಈ ವ್ಯವಹಾರ ತಾಳೆಯಾಗುವುದಿಲ್ಲ. ಒಂದು ಕೋಟಿ ರೂಪಾಯಿಯ ಪಥವೆಂದು ಉದಾಹರಣೆಗೆ ಇಟ್ಟುಕೊಂಡರೆ, ಅದರ ಆಯುಷ್ಯ 20 ವರ್ಷವೆಂದು ಬರೆದರೆ, ಸವಕಳಿ ವರ್ಷಕ್ಕೆ 5 ಲಕ್ಷ. ಆದರೆ 2019ರ ಪ್ರವಾಹಕ್ಕೂ 2024ರದ್ದಕ್ಕೂ ನಡುವಿನ ಅಂತರ ಐದೇ ವರ್ಷ. ಐದು ವರ್ಷಕ್ಕೊಮ್ಮೆ ಕಿತ್ತುಹೋಗುವ ಆಸ್ತಿಯ ಸವಕಳಿ ವರ್ಷಕ್ಕೆ 20 ಲಕ್ಷವಾಗುತ್ತದೆ. ಮೊದಲ ಕೋಟಿ ಬರುವುದು ಅನುದಾನದಿಂದ. ಅದಕ್ಕೆ ಉದ್ಘಾಟನೆ, ಹಾರ, ಫಲಕ ಎಲ್ಲ ಇವೆ. ಅನಂತರದ ರಿಪೇರಿ ಬೀಳುವುದು ಮನೆಕಂದಾಯ, ನೀರಿನ ತೆರಿಗೆಗಳಿಂದ ಬದುಕುವ ಗ್ರಾಮ ಪಂಚಾಯಿತಿಯ ಮೇಲೆ. ಅದಕ್ಕೆ ಫಲಕವಿಲ್ಲ. ಬಂಡವಾಳದ ಬಾಬಿನಲ್ಲಿ ತೋರಿಸಿದ್ದು ವಾಸ್ತವವಾಗಿ ಮರುಕಳಿಸುವ ಖರ್ಚು ಎಂದಾದರೆ, ಅಂಗಡಿಯ ಖಾತೆಯಲ್ಲಿ ಅದನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಸಾರ್ವಜನಿಕ ಖಾತೆಯಲ್ಲಿ ಮಾತ್ರ ಅದಕ್ಕೆ ಅಭಿವೃದ್ಧಿ ಎಂದು ಹೆಸರು.

ಪಥ ಬೇಕೆನ್ನುವವರ ಪಕ್ಷದಲ್ಲಿಯೂ ಸತ್ಯಾಂಶವಿದೆ. ಅನೇಕಾಂತದಲ್ಲಿ ಶ್ರದ್ಧೆಯುಳ್ಳವರು ಅದನ್ನು ತಳ್ಳಿಹಾಕಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮನೆಮನೆಗೂ ಬಂದಿರುವ ಕಾಲದಲ್ಲಿ ವೃದ್ಧರಿಗೆ ವಾಹನದ ಭಯವಿಲ್ಲದೆ ನಡೆಯಲು ಜಾಗ ಬೇಕು. ಊರಿನ ಯುವಕರಿಗೆ ನಾಲ್ಕು ಕಾಸಿನ ವ್ಯಾಪಾರವಾದರೆ ಒಳ್ಳೆಯದೇ. ಇವೆಲ್ಲಕ್ಕಿಂತ ಬಲವಾದ ವಾದವೊಂದಿದೆ: ಹಾದಿಯೆಂಬ ಗಡಿ ಬಿದ್ದರೆ ಒತ್ತುವರಿ ನಿಲ್ಲುತ್ತದೆ, ಕಸ ಸುರಿಯುವವರೂ ಮರಳು ಎತ್ತುವವರೂ ಜನರ ಕಣ್ಣಿಗೆ ಅಂಜುತ್ತಾರೆ. ಇದು ನಿಜ. ಆದರೆ ಗಡಿಯಾಗಬೇಕಾದರೆ ಹಾದಿಯು ಪ್ರವಾಹರೇಖೆಯ ಹೊರಗಿರಬೇಕು; ಬೇಲಿಯನ್ನು ಹೊಲದ ನಡುವೆ ಹಾಕುವ ರೈತನಿಲ್ಲ. ನದಿಯ ಪಾತ್ರದೊಳಗೇ ಕಟ್ಟಿದ ಪಥ ತಾನೇ ಮೊದಲ ಒತ್ತುವರಿ. ಅದರ ಹಿಂದೆಯೇ ಪಾರ್ಕಿಂಗು, ಅಂಗಡಿಸಾಲು, ರೆಸಾರ್ಟು ಬರುತ್ತವೆ. ಸರ್ಕಾರವೇ ಕಟ್ಟಿದೆಯಲ್ಲ ಎಂಬ ಒಂದು ಮಾತು ಅವರಿಗೆ ಸಾಕು.

ಇನ್ನು ಶ್ರಾವಕಾಚಾರದ ದೃಷ್ಟಿ. ಗೃಹಸ್ಥನಿಂದಾಗುವ ಹಿಂಸೆಯನ್ನು ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆಯ ಒಲೆಯಲ್ಲಿ, ಮನೆಯ ತಳಪಾಯದಲ್ಲಿ, ರೈತನ ನೇಗಿಲಿನಲ್ಲಿ ಆಗುವ ಹಿಂಸೆ ಜೀವನದ ಅನಿವಾರ್ಯತೆಯಿಂದಾದದ್ದು. ಗೃಹಸ್ಥನಿಗೆ ಅದರಿಂದ ಪೂರ್ಣ ಬಿಡುಗಡೆಯಿಲ್ಲ. ಆದರೆ ಯಾವ ಪ್ರಯೋಜನವೂ ಇಲ್ಲದ ಹಿಂಸೆಯನ್ನು ಬಿಡಲೆಂದೇ ಅನರ್ಥದಂಡ ವಿರತಿಯನ್ನು ಗುಣವ್ರತಗಳಲ್ಲಿ ಸೇರಿಸಲಾಗಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಕೊನೆಯದಾದ ಪ್ರಮಾದಚರ್ಯೆಯಲ್ಲಿ, ವೃಥಾ ನೆಲ ಅಗೆಯುವುದು, ನೀರು ಕಲಕುವುದು, ಗಿಡ ಕಡಿಯುವುದು ಇವುಗಳ ಜೊತೆಗೆ ವೃಥಾ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದೆ. ಹದಿನೈದು ಶತಮಾನಗಳಿಗೂ ಹಿಂದೆ ಪ್ರವಾಸೋದ್ಯಮ ಇಲಾಖೆ ಇರಲಿಲ್ಲವೆಂಬುದನ್ನು ನೆನಪಿಟ್ಟುಕೊಂಡು ಇದನ್ನು ಓದಬೇಕು.

ನಡಿಗೆ ವೃಥಾ ಎಂದು ಇದರ ಅರ್ಥವಲ್ಲ. ನಡಿಗೆಗೆ ಬೇಕಾದದ್ದು ಕಾಲಿಗೆ ಸಮನಾದ ನೆಲ, ಮರದ ನೆರಳು ಇಷ್ಟೇ. ಹೊಳೆಮತ್ತಿ, ಹೊಂಗೆಗಳನ್ನು ಕಡಿದು ಅಲಂಕಾರದ ತಾಳೆ ನೆಡುವುದು, ಮಿಂಚುಳ್ಳಿ ಬಿಲ ಕೊರೆಯುವ ಮಣ್ಣಿನ ದಡಕ್ಕೆ ಕಲ್ಲು ಹೊದಿಸುವುದು, ಟಿಟ್ಟಿಭ ಮೊಟ್ಟೆಯಿಡುವ ಗರಸು ನೆಲಕ್ಕೆ ಬಣ್ಣದ ಹೆಂಚು ಹಾಸುವುದು, ಇವುಗಳಲ್ಲಿ ಯಾವುದು ನಡೆಯುವವನಿಗೆ ಬೇಕಾಗಿತ್ತು? ನೀರುನಾಯಿ ರಾತ್ರಿಯಲ್ಲಿ ದಡಕ್ಕೆ ಬರುತ್ತದೆ. ಕಟಕಟೆ ಅದಕ್ಕೆ ಸೆರೆಮನೆಯ ಗೋಡೆ.

ದೀಪದ ಕಂಬದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ದೀಪಕ್ಕೆ ಹುಳು ಬೀಳುತ್ತದೆಂಬ ಒಂದೇ ಕಾರಣಕ್ಕಾಗಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಿವೆ. ಮದುವೆಯ ಮಂಟಪದಲ್ಲಿಯೂ ಆ ನಿಯಮವನ್ನು ಸಡಿಲಿಸದ ಹಿರಿಯರಿದ್ದಾರೆ. ಅಂಥ ಮನೆಯ ಯಜಮಾನರು ತಂದೆತಾಯಿಗಳ ಸ್ಮರಣಾರ್ಥವಾಗಿ ಹೊಳೆದಂಡೆಗೆ ಒಂದು ದೀಪದ ಕಂಬವನ್ನು ದಾನ ಮಾಡಿದರೆ ಏನಾಗುತ್ತದೆ? ಹೊಳೆಯ ಹುಳುಗಳು ಅನೇಕವು ಬಾಲ್ಯವನ್ನು ನೀರಿನೊಳಗೆ ಕಳೆದು, ರೆಕ್ಕೆ ಬಂದು ಮೇಲೇಳುವುದು ಸಂಜೆಯ ಹೊತ್ತಿನಲ್ಲಿ. ಕೆಲವಕ್ಕೆ ರೆಕ್ಕೆಯ ಬದುಕು ಒಂದೆರಡು ದಿನದ್ದು. ಆ ಹೊತ್ತಿನಲ್ಲಿ ನೀರಿನ ಪಕ್ಕದಲ್ಲಿ ಪ್ರಖರ ದೀಪ ಉರಿದರೆ ಅವು ಸಂಗಾತಿಯನ್ನು ಹುಡುಕುವ ಬದಲು ದೀಪವನ್ನು ಸುತ್ತಿ ಸಾಯುತ್ತವೆ. ಬೆಳಗ್ಗೆ ಕಂಬದ ಬುಡದಲ್ಲಿ ಗುಡಿಸಿದಷ್ಟು ಸಿಗುತ್ತವೆ. ಊಟದ ತಟ್ಟೆಯ ಮೇಲೆ ಒಂದು ಹುಳು ಬೀಳಬಾರದೆಂದು ಮೂರು ತಲೆಮಾರು ಪಾಲಿಸಿದ ನಿಯಮವನ್ನು, ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡು, ಒಂದೇ ರಾತ್ರಿ ಸಾವಿರ ಪಟ್ಟು ಮುರಿದಂತಾಗುತ್ತದೆ. ಸೂರ್ಯಾಸ್ತದ ಅನಂತರ ಹೊಳೆದಂಡೆಯಲ್ಲಿ ಯಾರೂ ಇರಬೇಕಾಗಿಲ್ಲ. ದೀಪವಿದ್ದರೆ ಇರುತ್ತಾರೆ.

ಕಾನೂನು ಇದನ್ನು ತಡೆಯಲಾರದೇ ಎಂದು ಕೇಳಬಹುದು. ಪ್ರವಾಹದ ಬಯಲನ್ನು ವಲಯಗಳಾಗಿ ಗುರುತಿಸಿ ಕಟ್ಟಡಗಳನ್ನು ನಿಯಂತ್ರಿಸಬೇಕೆಂದು ಕೇಂದ್ರವು ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳುಹಿಸಿದ್ದು 1975ರಲ್ಲಿ. ಮಣಿಪುರ 1978ರಲ್ಲಿ ಕಾಯ್ದೆ ಮಾಡಿತು. ಆಮೇಲೆ ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಮಾಡಿದವು. ಅರ್ಧ ಶತಮಾನ ಕಳೆದಿದೆ. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ನೆಲದಲ್ಲಿ ಪ್ರವಾಹರೇಖೆಯ ಕಲ್ಲು ನೆಟ್ಟಿಲ್ಲದಿರುವಾಗ ರೇಖೆಯನ್ನು ದಾಟಿದವನನ್ನು ಹಿಡಿಯುವುದು ಹೇಗೆ?

ಹಾಲೆಂಡ್ ದೇಶದವರು ಶತಮಾನಗಳ ಕಾಲ ನದಿಗೆ ಗೋಡೆ ಕಟ್ಟುವುದನ್ನೇ ವಿದ್ಯೆಯಾಗಿ ಬೆಳೆಸಿದವರು. 1995ರ ಪ್ರವಾಹದಲ್ಲಿ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಗಿ ಬಂದಾಗ ಅವರು ವಿಚಾರವನ್ನೇ ತಿರುಗಿಸಿದರು. ಮೂವತ್ತಕ್ಕೂ ಹೆಚ್ಚು ಕಡೆಗಳಲ್ಲಿ ನದಿಗೆ ಜಾಗ ಬಿಟ್ಟುಕೊಡುವ ಕಾರ್ಯಕ್ರಮ ನಡೆಯಿತು. ನೈಮೇಗನ್ ನಗರದ ಎದುರು ವಾಲ್ ನದಿಯ ಏರಿಯನ್ನು 350 ಮೀಟರು ಹಿಂದಕ್ಕೆ ಸರಿಸಿ ಹೊಸ ಕಾಲುವೆ ತೋಡಿದರು. ಅಲ್ಲಿಯೂ ನಡೆಯುವ ಹಾದಿಗಳಿವೆ. ನೀರು ಏರಿದಾಗ ತಗ್ಗಿನ ಹಾದಿಗಳು ಮುಳುಗುತ್ತವೆ, ಇಳಿದಾಗ ಮೇಲೇಳುತ್ತವೆ. ಮುಳುಗಲೆಂದೇ ಮಾಡಿದ ಜಾಗವಾದ್ದರಿಂದ ಅದನ್ನು ಯಾರೂ ದುರಂತವೆನ್ನುವುದಿಲ್ಲ.

ಇದನ್ನು ಕಲಿಯಲು ಹಾಲೆಂಡಿಗೆ ಹೋಗಬೇಕಾದ್ದೂ ಇಲ್ಲ. ಹೇಮಗಿರಿಯ ಜಾತ್ರೆ ನಡೆಯುವುದು ಮಾಘದಲ್ಲಿ. ಮಳೆ ಮುಗಿದು, ಸುಗ್ಗಿ ಕಳೆದು, ಹೊಳೆ ತಗ್ಗಿದ ಕಾಲ. ರಥ ಎಳೆಯುತ್ತಾರೆ, ದನಗಳ ಪರಿಷೆ ಸೇರುತ್ತದೆ, ತೆಂಗಿನ ಗರಿಯ ಚಪ್ಪರಗಳು ಏಳುತ್ತವೆ. ಜಾತ್ರೆ ಮುಗಿದೊಡನೆ ಗಳು, ಗರಿ, ಹಗ್ಗ ಎಲ್ಲವೂ ಗಾಡಿಯೇರಿ ಹೋಗುತ್ತವೆ. ಮುಂಗಾರಿನ ಹೊಳೆಗೆ ಕಿತ್ತುಕೊಂಡು ಹೋಗಲು ಏನೂ ಉಳಿದಿರುವುದಿಲ್ಲ. ದಂಡೆಯನ್ನು ವರ್ಷದಲ್ಲಿ ಯಾವಾಗ ಬಳಸಬೇಕು, ಯಾವಾಗ ಬಿಟ್ಟುಬಿಡಬೇಕು ಎಂಬುದನ್ನು ಆ ಹಿರಿಯರು ಯಾವ ಸಲಹೆಗಾರ ಕಂಪನಿಯನ್ನೂ ಕೇಳದೆ ನಿರ್ಣಯಿಸಿದ್ದರು.

ಪಥವೊಂದು ಬರುವುದೇ ಆದರೆ ಅದು ಈ ಜಾತ್ರೆಯಿಂದ ಕಲಿತದ್ದಾಗಿರಲಿ. ಶಾಶ್ವತವಾದದ್ದೆಲ್ಲ, ಎಂದರೆ ಶೌಚಾಲಯ, ಅಂಗಡಿ, ವಾಹನ ನಿಲ್ಲಿಸುವ ಜಾಗ, ಗುಡ್ಡದ ಕಡೆಗಿರಲಿ. ಹೊಳೆಯ ಕಡೆಗೆ ಮಣ್ಣಿನ ಕಾಲುದಾರಿ ಸಾಕು. ಪ್ರವಾಹ ಅಳಿಸಿದರೆ ನಾಲ್ಕು ಆಳು ಎರಡು ದಿನದಲ್ಲಿ ಮತ್ತೆ ಸವರುವಂಥದು. ಹೊಳೆಯ ಹಿಂದಿನ ಮಟ್ಟಗಳನ್ನು ವರ್ಷಸಹಿತ ಕೆತ್ತಿದ ಕಲ್ಲುಗಂಬವೊಂದು ಇರಲಿ. ಸೂರ್ಯಾಸ್ತಕ್ಕೆ ಬಾಗಿಲು ಹಾಕಲಿ. ಮಳೆಗಾಲದಲ್ಲಿ ಪಥವೂ ಚಾತುರ್ಮಾಸವನ್ನು ಆಚರಿಸಲಿ; ಆದರೆ ಪಂಚಾಂಗವೊಂದನ್ನೇ ನಂಬಿದರೆ ಸಾಲದು. 2025ರಲ್ಲಿ ಕೃಷ್ಣರಾಜಸಾಗರ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಜೂನ್ ತಿಂಗಳಲ್ಲಿಯೇ ತುಂಬಿತು. ಆ ವರ್ಷದ ಚಾತುರ್ಮಾಸ ಆಗಿನ್ನೂ ಆರಂಭವಾಗಿರಲಿಲ್ಲ. ಆದ್ದರಿಂದ ಹಾದಿಯ ಬಾಗಿಲು ತಿಥಿಯ ಜೊತೆಗೆ ಗೊರೂರಿನ ಮಟ್ಟವನ್ನೂ ನೋಡಿ ಮುಚ್ಚಬೇಕು, ಬೀಗದ ಕೈ ಊರಿನವರಲ್ಲೇ ಇರಬೇಕು.

ರಸೀದಿ ಪುಸ್ತಕ ಹಿಡಿದು ಬಂದವರಿಗೆ ಟ್ರಸ್ಟುಗಳು ಬರಿಗೈಯಲ್ಲಿ ಕಳುಹಿಸಬೇಕಾಗಿಲ್ಲ. ಪ್ರವಾಹರೇಖೆ ಎಲ್ಲಿದೆ, ಕಿತ್ತುಹೋದರೆ ರಿಪೇರಿಯ ಹಣ ಯಾರದು, ಎದುರು ದಂಡೆಯ ರೈತರನ್ನು ಕೇಳಿದ್ದಾರೆಯೇ ಎಂದು ಮೊದಲು ಲಿಖಿತವಾಗಿ ಕೇಳಲಿ. ಉತ್ತರ ಬಂದ ಮೇಲೆ ಹೊಂಗೆ, ಹೊಳೆಮತ್ತಿಯ ಸಸಿಗಳಿಗೂ, ಮಟ್ಟದ ಕಲ್ಲಿಗೂ, ಬಾಗಿಲು ಕಾಯುವವನ ಸಂಬಳಕ್ಕೂ ಕೊಡಲಿ. ದಾನಿಗಳ ಹೆಸರಿನ ಫಲಕ ಹಾಕಲೇಬೇಕೆಂದಿದ್ದರೆ ಅದಕ್ಕೂ ಗುಡ್ಡದ ಕಡೆ ಬೇಕಾದಷ್ಟು ಜಾಗವಿದೆ.